ಮೆಚ್ಚಿನ ಗ್ರಂಥವೂ ಸತ್ಯದ ಲೆಕ್ಕವೂ

ವೃತ್ತಪತ್ರಿಕೆಗಳು ಆಗಾಗ ತಮ್ಮ ಓದುಗರ ಮುಂದೆ ಒಂದು ಪ್ರಶ್ನೆಯನ್ನಿಡುವುದುಂಟು: ಬಾಳಿನಲ್ಲಿ ನೀವು ಅತ್ಯಂತ ಮೆಚ್ಚಿದ ಗ್ರಂಥ ಯಾವುದು? ಉತ್ತರಗಳು ಬರುತ್ತವೆ, ಬರೆದವರ ಹೆಸರು, ಊರುಗಳ ಸಹಿತ ಅಚ್ಚಾಗುತ್ತವೆ. ಮೇಲುನೋಟಕ್ಕೆ ಇದು ಬಿಡುವಿನ ವೇಳೆಯ ವಿನೋದ. ಆದರೆ ಹತ್ತು ಜನರ ಎದುರು ಆಡಿದ ಮಾತು ಎಷ್ಟೇ ಸಣ್ಣದಾದರೂ ಸತ್ಯವ್ರತದ ಎಲ್ಲೆಯೊಳಗೇ ಇರುತ್ತದೆ. ಆದುದರಿಂದ ಈ ಪ್ರಶ್ನೆಗೆ ಸದ್ಗೃಹಸ್ಥನು ಹೇಗೆ ಉತ್ತರಿಸಬೇಕೆಂಬುದು ವಿಚಾರಯೋಗ್ಯವಾದ ವಿಷಯವೇ ಆಗಿದೆ.

ಇದಕ್ಕೆ ಲಂಡನ್ ನಗರದ ಒಂದು ಪ್ರಸಿದ್ಧ ನಿದರ್ಶನವಿದೆ. 1886ರ ಜನವರಿಯಲ್ಲಿ ಸರ್ ಜಾನ್ ಲಬಕ್ ಎಂಬವರು ಅಲ್ಲಿನ ಕಾರ್ಮಿಕರ ಕಾಲೇಜಿನಲ್ಲಿ ಉಪನ್ಯಾಸ ಮಾಡುತ್ತ, ಓದಲು ಯೋಗ್ಯವಾದ ಸುಮಾರು ನೂರು ಗ್ರಂಥಗಳನ್ನು ಸೂಚಿಸಿದರು. ಲಬಕ್ ಅವರು ವೃತ್ತಿಯಿಂದ ಬ್ಯಾಂಕಿನ ವ್ಯವಹಾರಸ್ಥರು. ಇರುವೆ, ಜೇನುಗಳ ಜೀವನವನ್ನು ತಾಳ್ಮೆಯಿಂದ ಅಧ್ಯಯನ ಮಾಡಿದವರು. ಅವರ ಪಟ್ಟಿಯಲ್ಲಿ ರಾಮಾಯಣ ಮಹಾಭಾರತಗಳ ಸಂಗ್ರಹಕ್ಕೂ ಸ್ಥಾನವಿತ್ತು. ‘ಪಾಲ್ ಮಾಲ್ ಗೆಜೆಟ್’ ಎಂಬ ಸಂಜೆಯ ಪತ್ರಿಕೆ ಆ ಪಟ್ಟಿಯನ್ನು ಪ್ರಕಟಿಸಿ ಗಣ್ಯರ ಅಭಿಪ್ರಾಯ ಕೇಳಿತು. ಲೇಖಕ ಜಾನ್ ರಸ್ಕಿನ್ ಅವರಾದರೋ ಅನೇಕ ಹೆಸರುಗಳ ಮೇಲೆ ಲೇಖನಿಯಿಂದ ಗೆರೆ ಎಳೆದು ಪಟ್ಟಿಯನ್ನು ಹಿಂದಿರುಗಿಸಿದರು.

ಇಬ್ಬರೂ ವಿದ್ವಾಂಸರೇ. ಒಬ್ಬರು ಸೇರಿಸಿದುದನ್ನು ಮತ್ತೊಬ್ಬರು ತೆಗೆದುಹಾಕಿದ್ದೇಕೆ? ಶ್ರೇಷ್ಠ ಗ್ರಂಥ ಯಾವುದೆಂಬ ಪ್ರಶ್ನೆಗೆ ನೋಡುವವರ ನಿಲುವಿಗೆ ತಕ್ಕಂತೆ ಬೇರೆ ಬೇರೆ ಉತ್ತರಗಳಿರುವುದು ಸಹಜ. ಅನೇಕಾಂತದ ಪರಿಚಯವುಳ್ಳವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಮೆಚ್ಚಿನ ಗ್ರಂಥ ಯಾವುದೆಂಬುದು ಬೇರೆಯೇ ಪ್ರಶ್ನೆ. ಅದರ ಉತ್ತರ ಹೇಳುವವನಿಗೆ ಮಾತ್ರ ಗೊತ್ತು. ಈ ಲೆಕ್ಕವನ್ನು ತಪಾಸಣೆ ಮಾಡುವವರು ಹೊರಗೆ ಯಾರೂ ಇಲ್ಲ. ಪ್ರಲೋಭನೆ ಹುಟ್ಟುವುದು ಇಲ್ಲಿಯೇ. ಅರ್ಧಕ್ಕೆ ಬಿಟ್ಟ ಮಹಾಗ್ರಂಥವನ್ನು ಹೆಸರಿಸಿದರೆ ಗೌರವ ಬರುತ್ತದೆ. ಮೂರು ಬಾರಿ ಓದಿ ಕಣ್ಣೀರಿಟ್ಟ ಸಾಮಾನ್ಯ ಕಾದಂಬರಿಯ ಹೆಸರು ಹೇಳಲು ಸಂಕೋಚವಾಗುತ್ತದೆ. ಮಾನಕಷಾಯವು ಮುಂದೆ ನಡೆದರೆ ಮಾಯೆಯು ಅದರ ಹಿಂದೆ ಬರುತ್ತದೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯೂ ಒಂದು. ಬಾರದ ಹಣವನ್ನು ಜಮೆಯೆಂದು ಬರೆಯುವುದು ತಪ್ಪಾದರೆ, ಓದದ ಗ್ರಂಥವನ್ನು ಮೆಚ್ಚಿದೆನೆಂದು ಬರೆಯುವುದು ಹೇಗೆ ಸರಿಯಾದೀತು?

ಇಷ್ಟು ಸಣ್ಣ ವಿಷಯಕ್ಕೆ ಇಷ್ಟೊಂದು ಕಟ್ಟುನಿಟ್ಟೇಕೆ ಎಂದು ಕೇಳಬಹುದು. ಆದರೆ ಆ ಮಾತನ್ನು ನಂಬಿ ಯಾವನೋ ತರುಣನು ಹಣ ಕೊಟ್ಟು ಪುಸ್ತಕವನ್ನು ಕೊಳ್ಳುತ್ತಾನೆ, ಅದಕ್ಕಾಗಿ ತನ್ನ ದಿನಗಳನ್ನು ವ್ಯಯಿಸುತ್ತಾನೆ. ಸರಕಿನ ಗುಣವನ್ನು ತಾನು ಪರೀಕ್ಷಿಸದೆ ಗಿರಾಕಿಗೆ ಭರವಸೆ ಕೊಡುವ ವರ್ತಕನಿಗೂ ಇಂಥ ಉತ್ತರ ಬರೆಯುವವನಿಗೂ ವ್ಯತ್ಯಾಸವೇನು?

ಗೆರೆ ಎಳೆದ ರಸ್ಕಿನ್ನರ ಸ್ವಂತ ಕೃತಿಯೊಂದರ ಕಥೆಯೂ ಇಲ್ಲಿ ಸ್ಮರಣೀಯ. ‘ಅನ್‌ಟು ದಿಸ್ ಲಾಸ್ಟ್’ ಎಂಬ ಅವರ ಲೇಖನಮಾಲೆ 1860ರಲ್ಲಿ ಒಂದು ಮಾಸಪತ್ರಿಕೆಯಲ್ಲಿ ಬರತೊಡಗಿತು. ವರ್ತಕನ ಧರ್ಮ ಲಾಭ ಗಳಿಕೆಯಲ್ಲ, ಜನರಿಗೆ ಬೇಕಾದುದನ್ನು ಒದಗಿಸುವುದು ಎಂಬ ವಿಚಾರ ಅದರಲ್ಲಿತ್ತು. ಓದುಗರು ತೀವ್ರವಾಗಿ ವಿರೋಧಿಸಿದುದರಿಂದ ನಾಲ್ಕು ಲೇಖನಗಳಿಗೇ ಅದನ್ನು ನಿಲ್ಲಿಸಬೇಕಾಯಿತು. ಅಂದಿನ ಓದುಗರ ಮತವನ್ನು ಕೇಳಿದ್ದರೆ ಆ ಕೃತಿ ಯಾವ ಪಟ್ಟಿಗೂ ಸೇರುತ್ತಿರಲಿಲ್ಲ.

1904ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಹೆನ್ರಿ ಪೋಲಕ್ ಎಂಬ ಮಿತ್ರರು ಆ ಪುಸ್ತಕವನ್ನು ಗಾಂಧೀಜಿಯವರ ಕೈಗಿತ್ತರು. ಜೋಹಾನ್ಸ್‌ಬರ್ಗಿನಿಂದ ಡರ್ಬಾನಿಗೆ ಹೋಗುವ ರೈಲಿನಲ್ಲಿ ಅವರು ಅದನ್ನು ಓದಿದರು. ಆ ರಾತ್ರಿ ಅವರಿಗೆ ನಿದ್ರೆ ಬರಲಿಲ್ಲ. ಕ್ಷೌರಿಕನ ದುಡಿಮೆಗೂ ವಕೀಲನ ದುಡಿಮೆಗೂ ಬೆಲೆ ಒಂದೇ ಎಂದು ಮನಗಂಡು, ಅದೇ ವರ್ಷ ಡರ್ಬಾನಿನ ಬಳಿ ಫೀನಿಕ್ಸ್ ಆಶ್ರಮವನ್ನು ಸ್ಥಾಪಿಸಿದರು. ‘ಇಂಡಿಯನ್ ಒಪೀನಿಯನ್’ ಪತ್ರಿಕೆಯ ಮುದ್ರಣಾಲಯವೂ ಅಲ್ಲಿಗೆ ಬಂದಿತು. ಬಣ್ಣ, ದೇಶಗಳ ಭೇದವಿಲ್ಲದೆ ಎಲ್ಲರಿಗೂ ತಿಂಗಳಿಗೆ 3 ಪೌಂಡು ಎಂದು ಗೊತ್ತಾಯಿತು. 1908ರಲ್ಲಿ ಆ ಕೃತಿಯ ಸಾರವನ್ನು ‘ಸರ್ವೋದಯ’ ಎಂಬ ಹೆಸರಿನಿಂದ ಗುಜರಾತಿಗೆ ತಂದರು.

ಮೆಚ್ಚಿದೆನೆಂಬ ಮಾತಿಗೆ ಇದಕ್ಕಿಂತ ಪ್ರಬಲವಾದ ಸಾಕ್ಷ್ಯವಿಲ್ಲ. ತಮ್ಮ ಪುಸ್ತಕಜ್ಞಾನ ಹೆಚ್ಚಿನದಲ್ಲವೆಂದು ಗಾಂಧೀಜಿ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ತಮ್ಮ ಬಾಳನ್ನು ತಿದ್ದಿದ ಆಧುನಿಕರು ಮೂವರೆಂದು ಹೇಳುವಾಗಲೂ, ರತ್ನವರ್ತಕರಾಗಿದ್ದ ರಾಯಚಂದಭಾಯಿಯವರಿಂದ ಬಂದುದು ಸಜೀವ ಸಂಪರ್ಕದ ಫಲ, ಟಾಲ್‌ಸ್ಟಾಯ್ ಮತ್ತು ರಸ್ಕಿನ್ನರಿಂದ ಬಂದುದು ಒಂದೊಂದು ಗ್ರಂಥದ ಫಲ ಎಂದು ಬೇರೆ ಬೇರೆಯಾಗಿಯೇ ತೋರಿಸಿದ್ದಾರೆ. ಇದು ಚೊಕ್ಕಟವಾದ ಲೆಕ್ಕ.

ನಮ್ಮ ನಾಡಿನಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ್ದೂ ಇಂಥ ಸಾಕ್ಷ್ಯವೇ. ಮುದ್ರಣವಿಲ್ಲದ ಕಾಲದಲ್ಲಿ ಸಾವಿರ ಪ್ರತಿಗಳೆಂದರೆ ಎಷ್ಟು ಕೈಗಳ ದುಡಿಮೆ, ಎಷ್ಟು ದ್ರವ್ಯದ ತ್ಯಾಗ! ಪ್ರೀತಿಸಿದ ಗ್ರಂಥವನ್ನು ತನ್ನಲ್ಲೇ ಇಟ್ಟುಕೊಂಡರೆ ಅದೂ ಪರಿಗ್ರಹ, ಹಂಚಿದರೆ ಶಾಸ್ತ್ರದಾನ.

ಪೂರ್ವಾಚಾರ್ಯರು ಸ್ವಾಧ್ಯಾಯಕ್ಕೆ ವಾಚನಾ, ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯ, ಧರ್ಮೋಪದೇಶವೆಂದು ಐದು ಅಂಗಗಳನ್ನು ಹೇಳಿದ್ದಾರೆ. ಓದುವುದು, ಸಂದೇಹ ಬಂದಾಗ ಕೇಳುವುದು, ಮನನ ಮಾಡುವುದು, ಆವರ್ತಿಸುವುದು. ಇತರರಿಗೆ ಹೇಳುವುದು ಈ ಗಣನೆಯಲ್ಲಿ ಕಡೆಯದು. ಪತ್ರಿಕೆಗೆ ಮೆಚ್ಚಿನ ಗ್ರಂಥದ ಹೆಸರು ಬರೆಯುವುದು ಐದನೆಯದಕ್ಕೆ ಸಮೀಪವಾದ ಕಾರ್ಯ. ಮೊದಲಿನ ನಾಲ್ಕನ್ನು ಬಿಟ್ಟು ಐದನೆಯದಕ್ಕೆ ಕೈಹಾಕುವುದು ತರವಲ್ಲ.

ಆದುದರಿಂದ ಉತ್ತರ ಬರೆಯುವ ಮುನ್ನ ಪ್ರತಿಯೊಬ್ಬನೂ ತನ್ನನ್ನು ತಾನು ಕೇಳಿಕೊಳ್ಳಲಿ: ಈ ಗ್ರಂಥವನ್ನು ಕೊನೆಯವರೆಗೆ ಓದಿದ್ದೇನೆಯೇ? ಮತ್ತೆ ಅದರ ಬಳಿಗೆ ಹೋಗಿದ್ದೇನೆಯೇ? ಅದರಿಂದ ಅಂಗಡಿಯ ತಕ್ಕಡಿಯಲ್ಲಾಗಲಿ ಮನೆಯ ಮಾತಿನಲ್ಲಾಗಲಿ ಏನಾದರೂ ಬದಲಾಗಿದೆಯೇ? ಹೌದೆಂದಾದರೆ ಗ್ರಂಥವು ಚಿಕ್ಕದೆಂದು ನಾಚಬೇಕಾಗಿಲ್ಲ. ಮಕ್ಕಳ ಕಥೆಯಾದರೂ ಸರಿಯೆ, ಧೈರ್ಯವಾಗಿ ಬರೆಯಲಿ. ಅಲ್ಲವಾದರೆ ಪತ್ರಿಕೆಗೆ ಕಾಗದ ಬರೆಯುವುದನ್ನು ಮುಂದಕ್ಕೆ ಹಾಕಿ, ಆ ಹೊತ್ತಿನಲ್ಲಿ ಗ್ರಂಥವನ್ನೇ ತೆರೆದು ಓದುವುದು ಶ್ರೇಯಸ್ಕರ.