ಶಾಸ್ತ್ರದಾನ ಮತ್ತು ವಿಶ್ವವಿದ್ಯಾಲಯದ ಭಂಡಾರ

ಜೈನಧರ್ಮದ ನಾಲ್ಕು ದಾನಗಳಲ್ಲಿ ಆಹಾರ, ಅಭಯ, ಔಷಧಗಳ ಜೊತೆಗೆ ಶಾಸ್ತ್ರವೂ ಸೇರಿದೆ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳೆಂಬುದು ಪ್ರಸಿದ್ಧ. ಧಾನ್ಯ ಕೊಟ್ಟವರ ಕಣಜ ಅಷ್ಟರಮಟ್ಟಿಗೆ ಬರಿದಾಗುತ್ತದೆ. ಅರಿವು ಕೊಟ್ಟವರಲ್ಲಿ ಅರಿವು ಉಳಿದೇ ಇರುತ್ತದೆ. ಹೀಗಿರುವಾಗ, ಸಾರ್ವಜನಿಕ ಹಣದಲ್ಲಿ ನಡೆದ ಸಂಶೋಧನೆಯನ್ನು ಮುಚ್ಚಿಡಲು ನೈತಿಕ ಆಧಾರವೇನು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2002ರಲ್ಲಿ ತನ್ನ ಸಂಶೋಧನಾ ಲೇಖನಗಳಿಗೆ ಡಿಜಿಟಲ್ ಭಂಡಾರ ತೆರೆದದ್ದು, ದೇಶದ ಪಿಎಚ್‌.ಡಿ. ಪ್ರಬಂಧಗಳನ್ನು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರವು ‘ಶೋಧಗಂಗಾ’ ಎಂಬ ಡಿಜಿಟಲ್ ಭಂಡಾರದಲ್ಲಿ ಎಲ್ಲರಿಗೂ ಒದಗಿಸುತ್ತಿರುವುದು, ಎರಡೂ ಶಾಸ್ತ್ರದಾನದ ಮುಂದುವರಿಕೆಯೇ.

ದಾನವೆಂದರೆ ಸ್ವಇಚ್ಛೆಯದು, ಭಂಡಾರಕ್ಕೆ ಕೊಡಲೇಬೇಕೆಂದು ನಿಯಮದಿಂದ ಹೇರಿದ್ದು ದಾನ ಹೇಗಾದೀತು ಎಂದು ಕೇಳಬಹುದು. ನಿಜ, ಆದರೆ ಸಮಾಜದಿಂದ ಪಡೆದದ್ದನ್ನು ಸಮಾಜಕ್ಕೆ ಹಿಂದಿರುಗಿಸುವುದು ದಾನಕ್ಕೂ ಮೊದಲು ಋಣ. ಋಣಕ್ಕೆ ನಿಯಮವಿದ್ದರೆ ತಪ್ಪಿಲ್ಲ. ತೆರೆದಿಟ್ಟರೆ ಕದಿಯುತ್ತಾರೆಂಬ ಭಯವೂ ಇದೆ. ಆದರೆ ಮುಚ್ಚಿಟ್ಟ ಪ್ರಬಂಧದ ಕಳವು ಪತ್ತೆಯಾಗುವುದೇ ಕಷ್ಟ. ತೆರೆದಿಟ್ಟದ್ದನ್ನು ಹೋಲಿಸಿ ನೋಡುವುದು ಸುಲಭ. ಪೇಟೆಂಟ್ ಅಥವಾ ಪ್ರಕಾಶಕರ ಒಪ್ಪಂದವಿದ್ದರೆ ನಿಗದಿತ ಅವಧಿಯವರೆಗೆ ಪೂರ್ಣಪಠ್ಯವನ್ನು ತಡೆಹಿಡಿಯುವ ವ್ಯವಸ್ಥೆಯೂ ಭಂಡಾರಗಳಲ್ಲಿದೆ.

ಆದರೆ ಅಪ್‌ಲೋಡ್ ಮಾಡಿದೊಡನೆ ಕರ್ತವ್ಯ ಮುಗಿಯುವುದಿಲ್ಲ. ಲೇಖಕ, ವಿಷಯ, ವರ್ಷಗಳ ವಿವರ ತಪ್ಪಾಗಿದ್ದರೆ ಕೃತಿ ಇದ್ದೂ ಇಲ್ಲದಂತೆ. ಕನ್ನಡ ಪ್ರಬಂಧವನ್ನು ಯೂನಿಕೋಡ್‌ನಲ್ಲಿಡದೆ ಚಿತ್ರವಾಗಿ ಮಾತ್ರ ಸೇರಿಸಿದರೆ ಅದರೊಳಗಿನ ಪದ ಹುಡುಕಲಾಗದು. ಹಳೆಯ ಕಡತಗಳನ್ನು ಹೊಸ ಸ್ವರೂಪಕ್ಕೆ ಬದಲಿಸುತ್ತಿರಬೇಕು, ಪ್ರತಿಗಳನ್ನು ಬೇರೆಬೇರೆ ಕಡೆ ಇಡಬೇಕು. ಇದಕ್ಕೆ ಕಾಯಂ ಸಿಬ್ಬಂದಿ ಮತ್ತು ಪ್ರತಿವರ್ಷದ ಅನುದಾನ ಬೇಕು. ಇವೆರಡನ್ನೂ ಕೊಡದೆ ಭಂಡಾರ ಉದ್ಘಾಟಿಸುವ ವಿಶ್ವವಿದ್ಯಾಲಯ ತನ್ನ ಋಣವನ್ನು ತೀರಿಸಿದಂತಾಗುವುದಿಲ್ಲ.