ಹರಕೆ ಹೊತ್ತವರು ಯಾರು, ತೀರಿಸಿದವರು ಯಾರು?

ರಾಜೀವ್ ಪಾಟೀಲ್ ನಿರ್ದೇಶನದ ಮರಾಠಿ ಸಿನಿಮಾ ‘ಜೋಗವಾ’ 2009ರಲ್ಲಿ ತೆರೆಗೆ ಬಂತು. ಮುಕ್ತಾ ಬರ್ವೆ ಅಭಿನಯಿಸಿದ ಸುಲಿಯ ಕೂದಲು ಜಡೆಗಟ್ಟುತ್ತದೆ. ಅಮ್ಮ ಕರೆದಳೆಂದು ಊರು ತೀರ್ಮಾನಿಸುತ್ತದೆ. ಹುಡುಗಿಯನ್ನು ಯಲ್ಲಮ್ಮನಿಗೆ ಬಿಡುತ್ತಾರೆ.

ಗಡಿಯಾಚೆಯ ಕತೆ ಎಂದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದವರು ಇದನ್ನು ಪಕ್ಕಕ್ಕಿಡುವಂತಿಲ್ಲ. ‘ಮುತ್ತು ಕಟ್ಟುವುದು’ ಎಂದರೆ ಏನೆಂದು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಕೆಂಪು, ಬಿಳಿ ಮಣಿ ಪೋಣಿಸಿದ ಒಂದು ದಾರ, ಹಸಿರು ಬಳೆ, ಹಣೆಗೆ ಭಂಡಾರ. ಅಷ್ಟಾದರೆ ಹುಡುಗಿಗೆ ಮದುವೆಯ ದಾರಿ ಮುಚ್ಚಿತು. ಮೈನೆರೆದ ಮೇಲೆ ಊರಿನ ಉಳ್ಳವನೊಬ್ಬ ಬರುತ್ತಾನೆ. ಅವನು ಕೈಬಿಟ್ಟರೆ ಎಷ್ಟೋ ಸಲ ಮುಂದಿನದು ಪುಣೆ, ಮುಂಬಯಿಯ ಬಸ್ಸು.

ಇಲ್ಲಿರುವುದು ಧರ್ಮದ ಪ್ರಶ್ನೆಯೇ. ತುಂಗಭದ್ರೆಯ ದಡದ ಹುಲಿಗಿಯಲ್ಲಿ ಹುಲಿಗೆಮ್ಮನ ಹರಕೆ ಹೊತ್ತವರು ಹೊಳೆಯಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ಗುಡಿಯತನಕ ದೀಡ ನಮಸ್ಕಾರ ಹಾಕುತ್ತಾರೆ. ಮಣ್ಣು ಮೆತ್ತಿಕೊಳ್ಳುವುದು ಹೊತ್ತವರ ಮೈಗೇ, ತರಚುವುದು ಅವರ ಮೊಣಕಾಲೇ. ಹರಕೆಯ ನ್ಯಾಯ ಅದು: ತನ್ನದನ್ನು ತಾನು ಒಪ್ಪಿಸುವುದು. ಮುತ್ತು ಕಟ್ಟುವಾಗ ಹೊರುವವರು ಹಿರಿಯರು, ತೀರಿಸುವವಳು ಏಳೆಂಟು ವರ್ಷದ ಕೂಸು. ಕೊಡುವವರದಲ್ಲದ್ದನ್ನು ಕೊಟ್ಟರೆ ಅದು ದಾನವಾದೀತೇ?

ಬೆಳಗಾವಿ ಜಿಲ್ಲೆಯ ಸೀತವ್ವ ಜೋಡಟ್ಟಿ ಅವರಿಗೆ ಮುತ್ತು ಕಟ್ಟಿದಾಗ ಅವರಿಗೆ ಏಳು ವರ್ಷ. ಮನೆಯಲ್ಲಿ ಗಂಡುಮಕ್ಕಳಿರಲಿಲ್ಲ. ದೇವರಿಗೆ ಬಿಟ್ಟ ಮಗಳು ಗಂಡನ ಮನೆಗೆ ಹೋಗುವುದಿಲ್ಲ, ದುಡಿದು ಹೆತ್ತವರನ್ನು ಸಾಕುತ್ತಾಳೆ. ಬಹುತೇಕ ದಲಿತ ಕೇರಿಗಳ ಬಡತನಕ್ಕೆ ದೇವಿಯ ಹೆಸರು ಹೀಗೆ ಒದಗಿ ಬಂತು. ಅದೇ ಸೀತವ್ವ ಮುಂದೆ ಘಟಪ್ರಭಾದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ಮುನ್ನಡೆಸಿ, ಸಾವಿರಾರು ಮಹಿಳೆಯರನ್ನು ಈ ಪದ್ಧತಿಯಿಂದ ಹೊರತಂದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಇದಕ್ಕೆ ಎದುರು ಮಾತೂ ಇದೆ. ಹುಲಿಗಿಯಲ್ಲೇ ಮುತ್ತು ಕಟ್ಟಿಸಿಕೊಂಡ ಮಂಜಮ್ಮ ಜೋಗತಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಹೆಣ್ಣಾಗಿ ಬಾಳಲು ಹಂಬಲಿಸಿದ ಜೀವಕ್ಕೆ ಮನೆ ಬಾಗಿಲು ಹಾಕಿತು, ಜೋಗತಿಯರ ಮೇಳ ತೆರೆಯಿತು. ಆ ಭಕ್ತಿಯನ್ನು ಅಲ್ಲಗಳೆಯುವುದು ತಪ್ಪು. ಆದರೆ ಆಸರೆ ಹುಡುಕಿ ಬಂದವರಿಗೆ ದೇವಿ ಒದಗಿದ್ದು ಬೇರೆ, ಏನೂ ಅರಿಯದ ಮಗುವನ್ನು ಅವಳ ಹೆಸರಿನಲ್ಲಿ ಒಯ್ದದ್ದು ಬೇರೆ.

ಕಾನೂನು ಈ ಭಾಗಕ್ಕೆ ತಡವಾಗಿ ಬಂತು. ಮುಂಬಯಿ ಪ್ರಾಂತ 1934ರಲ್ಲೇ ಕಾಯ್ದೆ ಮಾಡಿದಾಗ ಕೊಪ್ಪಳ ಸೀಮೆ ನಿಜಾಮರ ರಾಜ್ಯದಲ್ಲಿತ್ತು. ಕರ್ನಾಟಕದ 1982ರ ಕಾಯ್ದೆ ಜಾರಿಯಾದದ್ದು 1984ರಲ್ಲಿ. ಅದರಡಿ ಮುತ್ತು ಕಟ್ಟಿಸಿದವರಿಗೆ ಮೂರು ವರ್ಷದವರೆಗೆ ಸಜೆಯಿತ್ತು; ಅವರು ಹೆತ್ತವರೋ ಪೋಷಕರೋ ಆಗಿದ್ದರೆ ಐದು ವರ್ಷದವರೆಗೆ. ಹೀಗಿದ್ದೂ 1993–94 ಮತ್ತು 2007–08ರ ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಒಟ್ಟು 46,660 ದೇವದಾಸಿಯರು ಪತ್ತೆಯಾದರು. ಹೆತ್ತವರಿಗೆ ಹೆಚ್ಚು ಸಜೆ ಬರೆದ ಕಾಯ್ದೆಗೆ ಆ ಊರಿನ ಉಳ್ಳವನು ಅಷ್ಟಾಗಿ ಕಾಣಲಿಲ್ಲ ಎಂಬುದು ದೊಡ್ಡ ಕೊರತೆ.

ಜಡೆಯ ಸಂಗತಿ ಸರಳ. ಎಣ್ಣೆ, ಬಾಚಣಿಗೆ ಕಾಣದ ಕೂದಲು ಸಿಕ್ಕುಗಟ್ಟುತ್ತದೆ, ಅದರ ಮೇಲೆ ಭಂಡಾರ ಹಚ್ಚಿದರೆ ಮತ್ತಷ್ಟು ಅಂಟುತ್ತದೆ. ಕತ್ತರಿ ಹಾಕಿದರೆ ಯಾವ ದೇವಿಯೂ ಮುನಿಯುವುದಿಲ್ಲ. ನಿಮ್ಮ ಓಣಿಯಲ್ಲಿ ಶಾಲೆ ಬಿಡಿಸಿದ, ತಲೆ ಬಾಚದ, ಕೊರಳಿಗೆ ಕೆಂಪು-ಬಿಳಿ ಮಣಿ ಬಿದ್ದ ಹುಡುಗಿ ಕಂಡರೆ ಸುಮ್ಮನೆ ದಾಟಿ ಹೋಗಬೇಡಿ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098.