ಜೇಬಿನೊಳಗಿನ ಧೈರ್ಯ

ಜಯನಗರ, ಜೆ.ಪಿ. ನಗರ, ಬನಶಂಕರಿಯ ಬೀದಿಗಳಲ್ಲಿ ಸಂಜೆ ನಡೆದು ಹೋಗುವವರಿಗೆ ಬಂದೂಕು ನೆನಪಾಗುವುದಿಲ್ಲ. ಉದ್ಯಾನದ ಬೆಂಚುಗಳಲ್ಲಿ ನಿವೃತ್ತರು ಕುಳಿತಿರುತ್ತಾರೆ, ದರ್ಶಿನಿಯ ಮುಂದೆ ನಿಂತು ಜನ ಕಾಫಿ ಕುಡಿಯುತ್ತಿರುತ್ತಾರೆ, ಟ್ಯೂಷನ್ ಮುಗಿಸಿದ ಮಕ್ಕಳು ಸೈಕಲ್ ತುಳಿಯುತ್ತಾ ಮನೆಗೆ ಮರಳುತ್ತಿರುತ್ತಾರೆ. ಆದರೂ ಈ ಶಾಂತ ಬಡಾವಣೆಗಳ ಕೆಲವು ಮನೆಗಳ ಬೀರುವಿನಲ್ಲಿ ಪರವಾನಗಿ ಪಡೆದ ಪುಟ್ಟ ರಿವಾಲ್ವರ್ ಒಂದು ಇರುತ್ತದೆ. ಅದರ ಒಡೆಯ ಚಿನ್ನದ ವ್ಯಾಪಾರಿಯಾಗಿರಬಹುದು, ಜಮೀನಿನ ವ್ಯವಹಾರದವನಾಗಿರಬಹುದು, ಗುತ್ತಿಗೆದಾರನೋ ನಿವೃತ್ತ ಸೇನಾಧಿಕಾರಿಯೋ ಆಗಿರಬಹುದು. ಅವನು ರೌಡಿಯಲ್ಲ, ಕಾನೂನಿಗೆ ವಿಧೇಯನಾದ ಗೃಹಸ್ಥ. ಅವನ ಮನಸ್ಸನ್ನು ಈ ಗಿಡ್ಡ ನಳಿಗೆಯ ಆಯುಧ ಏಕೆ ಇಷ್ಟು ಬಿಗಿಯಾಗಿ ಹಿಡಿದುಕೊಂಡಿದೆ ಎಂಬುದು ಕೇವಲ ಕುತೂಹಲದ ಪ್ರಶ್ನೆಯಲ್ಲ. ನಾವು ಭಯವನ್ನು ಹೇಗೆ ಎದುರಿಸುತ್ತೇವೆ ಎಂಬ ನೈತಿಕ ಪ್ರಶ್ನೆಯೂ ಅದರೊಳಗಿದೆ.

ರಿವಾಲ್ವರ್ ಹಳೆಯ ಯಂತ್ರ. ಸ್ಯಾಮ್ಯುಯೆಲ್ ಕೋಲ್ಟ್ ಅಮೆರಿಕದಲ್ಲಿ ಅದರ ಪೇಟೆಂಟ್ ಪಡೆದದ್ದು 1836ರಲ್ಲಿ. ಕೋಟಿನ ಜೇಬಿನಲ್ಲಿ ಹಿಡಿಸುವ ಬುಲ್‌ಡಾಗ್ ಎಂಬ ಗಿಡ್ಡ ರಿವಾಲ್ವರನ್ನು ಇಂಗ್ಲೆಂಡಿನ ವೆಬ್ಲಿ ಸಂಸ್ಥೆ 1870ರ ದಶಕದಲ್ಲೇ ತಯಾರಿಸಿತು. 1927ರಲ್ಲಿ ಕೋಲ್ಟ್ ಕಂಪನಿಯ ಡಿಟೆಕ್ಟಿವ್ ಸ್ಪೆಷಲ್ ಬಂತು, 1950ರಲ್ಲಿ ಸ್ಮಿತ್ ಅಂಡ್ ವೆಸನ್‌ನ ಐದು ಗುಂಡಿನ ಚೀಫ್ಸ್ ಸ್ಪೆಷಲ್ ಬಂತು. ಆಮೇಲೆ ಅಮೆರಿಕದ ಪೊಲೀಸರು ಹೆಚ್ಚು ಗುಂಡು ಹಿಡಿಯುವ ಪಿಸ್ತೂಲುಗಳಿಗೆ ಬದಲಾದರು. ಆದರೆ ಖಾಸಗಿ ಒಡೆಯರು ಗಿಡ್ಡ ರಿವಾಲ್ವರನ್ನು ಕೈಬಿಡಲಿಲ್ಲ. ಅವರು ಕೊಡುವ ಕಾರಣಗಳು ಸರಳವಾಗಿವೆ. ಅದರಲ್ಲಿ ಸಿಕ್ಕಿಹಾಕಿಕೊಳ್ಳುವ ಭಾಗಗಳು ಕಡಿಮೆ. ಒಂದು ಗುಂಡು ಹಾರದಿದ್ದರೆ ಟ್ರಿಗರನ್ನು ಮತ್ತೊಮ್ಮೆ ಎಳೆದರೆ ಸಾಕು, ಮುಂದಿನ ಗುಂಡು ತಾನೇ ಎದುರಿಗೆ ಬಂದು ನಿಲ್ಲುತ್ತದೆ. ಹೆಚ್ಚು ಕಲಿಕೆ ಬೇಡ, ಹೆಚ್ಚು ಜಾಗವೂ ಬೇಡ.

ಈ ಗುಣಗಳೆಲ್ಲ ನಿಜ. ಆದರೆ ನಳಿಗೆ ಗಿಡ್ಡವಾದಷ್ಟೂ ಗುರಿ ಹಿಡಿಯುವುದು ಕಷ್ಟವಾಗುತ್ತದೆ, ಗುಂಡಿನ ವೇಗವೂ ತಗ್ಗುತ್ತದೆ. ಹಾಗಾಗಿ ಈ ಆಯುಧ ಬೇಟೆಗೆ ಒದಗುವುದಿಲ್ಲ, ಯುದ್ಧಕ್ಕೆ ಒದಗುವುದಿಲ್ಲ, ಗುರಿಕಾರಿಕೆಯ ಸ್ಪರ್ಧೆಗೂ ತಕ್ಕದ್ದಲ್ಲ. ರೈತನ ಕೋವಿ ಬೆಳೆ ತಿನ್ನುವ ಹಂದಿಯನ್ನು ಹೆದರಿಸಬಲ್ಲದು. ಗಿಡ್ಡ ರಿವಾಲ್ವರ್ ತಯಾರಾಗಿರುವುದು ಕೆಲವೇ ಹೆಜ್ಜೆ ದೂರದಲ್ಲಿ ನಿಂತಿರುವ ಮನುಷ್ಯನಿಗಾಗಿ. ಅದನ್ನು ಜೇಬಿಗೆ ಹಾಕಿಕೊಳ್ಳುವವನು, ಎದುರಿಗೆ ಬರುವವರಲ್ಲಿ ಯಾರೋ ಒಬ್ಬನನ್ನು ತಾನು ಕೊಲ್ಲಬೇಕಾಗಿ ಬರಬಹುದು ಎಂಬುದನ್ನು ಮನಸ್ಸಿನಲ್ಲಿ ಮೊದಲೇ ಒಪ್ಪಿಕೊಂಡಿರುತ್ತಾನೆ.

ನಮ್ಮ ದೇಶದ ಸರಕಾರಿ ಕಾರ್ಖಾನೆಗಳು ಈ ಆಯುಧಕ್ಕೆ ಇಟ್ಟ ಹೆಸರುಗಳನ್ನು ಗಮನಿಸಬೇಕು. 2012ರ ಡಿಸೆಂಬರ್ 16ರಂದು ದಿಲ್ಲಿಯಲ್ಲಿ ನಡೆದ ಅತ್ಯಾಚಾರದ ನಂತರ, ಕಾನ್ಪುರದ ಸರಕಾರಿ ಶಸ್ತ್ರಾಸ್ತ್ರ ಕಾರ್ಖಾನೆ 2014ರಲ್ಲಿ ಮಹಿಳೆಯರಿಗಾಗಿ ಎಂದು 0.32 ಬೋರಿನ ಹಗುರವಾದ ರಿವಾಲ್ವರೊಂದನ್ನು ಹೊರತಂದಿತು. ಅದರ ತೂಕ ಸುಮಾರು 500 ಗ್ರಾಂ, ಆಗಿನ ಬೆಲೆ ಸುಮಾರು 1.22 ಲಕ್ಷ ರೂಪಾಯಿ, ಹೆಸರು ‘ನಿರ್ಭೀಕ್’. ಇಛಾಪುರದ ರೈಫಲ್ ಕಾರ್ಖಾನೆಯ ಪುಟ್ಟ ರಿವಾಲ್ವರಿಗೆ ‘ನಿಡರ್’ ಎಂಬ ಹೆಸರು. ಎರಡು ಹೆಸರಿಗೂ ಅರ್ಥ ಒಂದೇ, ಭಯವಿಲ್ಲದ್ದು. 2023ರಲ್ಲಿ ಕಾನ್ಪುರದಿಂದಲೇ 76 ಮಿಲಿಮೀಟರ್ ನಳಿಗೆಯ ‘ಪ್ರಬಲ್’ ಬಂತು. ಗ್ರಾಹಕನಿಗೆ ಇಲ್ಲಿ ಮಾರಲಾಗುತ್ತಿರುವುದು ಲೋಹ ಮಾತ್ರವಲ್ಲ, ನಿರ್ಭಯವೂ ಮಾರಾಟದ ಸರಕಾಗಿದೆ.

ನಿರ್ಭಯಕ್ಕೆ ಬೆಲೆಯ ಚೀಟಿ ಅಂಟಿಸಿದರೆ ಅದು ಯಾರಿಗೆ ಸಿಗುತ್ತದೆ? ರಾತ್ರಿ ಒಂಬತ್ತಕ್ಕೆ ಬಿ.ಟಿ.ಎಂ. ಲೇಔಟಿನ ಬಸ್ ನಿಲ್ದಾಣದಲ್ಲಿ ಇಳಿದು ಕತ್ತಲ ಅಡ್ಡರಸ್ತೆಯಲ್ಲಿ ನಡೆಯುವ ಗಾರ್ಮೆಂಟ್ಸ್ ಕಾರ್ಮಿಕಳಿಗೆ 1.22 ಲಕ್ಷ ರೂಪಾಯಿ ಎಂದರೆ ಹಲವು ತಿಂಗಳ ಸಂಬಳ. ನಾಲ್ಕು ಮನೆಯ ಪಾತ್ರೆ ತೊಳೆದು ತಿಲಕ್‌ನಗರಕ್ಕೆ ಮರಳುವ ಹೆಂಗಸಿಗೂ ಅದು ನಿಲುಕದ ಮೊತ್ತ. ಕಾರು, ಕಾವಲುಗಾರ, ಕ್ಯಾಮೆರಾ ಈಗಾಗಲೇ ಇರುವವರಿಗೆ ಮಾತ್ರ ಅದು ಎಟುಕುತ್ತದೆ. ಭಯ ಹೆಚ್ಚು ಇರುವಲ್ಲಿಗೆ ಈ ‘ನಿರ್ಭೀಕ್’ ಹೋಗುವುದೇ ಇಲ್ಲ.

ಹಾಗೆಂದು ರಿವಾಲ್ವರ್ ಇಟ್ಟುಕೊಂಡವರನ್ನೆಲ್ಲ ಹಳಿಯುವುದು ನ್ಯಾಯವಲ್ಲ. ನಗದು ಹಣ ಹೊತ್ತು ತಿರುಗಬೇಕಾದವನ ಆತಂಕ ಸುಳ್ಳಲ್ಲ. ಮಕ್ಕಳೆಲ್ಲ ವಿದೇಶದಲ್ಲಿದ್ದು, ದೊಡ್ಡ ಮನೆಯಲ್ಲಿ ಇಬ್ಬರೇ ಉಳಿದಿರುವ ವೃದ್ಧ ದಂಪತಿಯ ರಾತ್ರಿಗಳು ಹೇಗಿರುತ್ತವೆ ಎಂಬುದು ಹೊರಗಿನವರಿಗೆ ತಿಳಿಯದು. ಈ ನಗರ ಲಾಂಗು ಮಚ್ಚುಗಳ ಕಾಲವನ್ನು ಕಂಡಿದೆ. 1989ರಲ್ಲಿ ಲಾಲ್‌ಬಾಗಿನ ಬಳಿ ಭೂಗತ ಜಗತ್ತಿನ ಜಯರಾಜ್‌ನನ್ನು ಗುಂಡಿಕ್ಕಿ ಕೊಂದದ್ದನ್ನೂ ಕಂಡಿದೆ. ಆತ್ಮರಕ್ಷಣೆಯ ಹಕ್ಕನ್ನು ಕಾನೂನೇ ಮನ್ನಿಸುತ್ತದೆ. ಹಳೆಯ ದಂಡ ಸಂಹಿತೆಯಲ್ಲಿದ್ದ ಆ ಹಕ್ಕು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳಲ್ಲಿ ಮುಂದುವರಿದಿದೆ. ರಕ್ಷಣೆಗೆ ಎಷ್ಟು ಅಗತ್ಯವೋ ಅದಕ್ಕಿಂತ ಹೆಚ್ಚು ಹಾನಿ ಮಾಡಕೂಡದು ಎಂಬ ಮಿತಿಯೂ ಅದರ ಜೊತೆಗೇ ಇದೆ. ಆದರೆ ಅರ್ಧ ಸೆಕೆಂಡಿನಲ್ಲಿ ಟ್ರಿಗರ್ ಎಳೆಯುವ ಬೆರಳಿಗೆ ಆ ಮಿತಿಯನ್ನು ಅಳೆಯಲು ಸಮಯವೆಲ್ಲಿದೆ?

ಆಕರ್ಷಣೆಯ ಹಿಂದೆ ಪ್ರತಿಷ್ಠೆಯೂ ಇದೆ. ಬ್ರಿಟಿಷರ 1878ರ ಶಸ್ತ್ರ ಕಾಯ್ದೆ ಭಾರತೀಯರಿಗೆ ಪರವಾನಗಿಯನ್ನು ಕಡ್ಡಾಯ ಮಾಡಿ ಐರೋಪ್ಯರಿಗೆ ವಿನಾಯಿತಿ ಕೊಟ್ಟಿತ್ತು. ಅಂದಿನಿಂದ ಬಂದೂಕಿನ ಲೈಸನ್ಸ್ ಎಂದರೆ ಸರಕಾರ ನಂಬಿದ ಮನುಷ್ಯ ಎಂಬ ಮುದ್ರೆ. 1959ರ ಕಾಯ್ದೆ ಆ ಜನಾಂಗಭೇದವನ್ನು ಅಳಿಸಿತು, ಮುದ್ರೆಯ ಮೇಲಿನ ಆಸೆ ಮಾತ್ರ ಅಳಿಯಲಿಲ್ಲ. 2019ರ ತಿದ್ದುಪಡಿಯು ಒಬ್ಬನು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಮದುವೆ ಮುಂತಾದ ಸಂಭ್ರಮಗಳಲ್ಲಿ ಇತರರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸುವುದನ್ನು ಶಿಕ್ಷಾರ್ಹ ಅಪರಾಧವನ್ನಾಗಿ ಮಾಡಿತು. ಇನ್ನು ಚುನಾವಣೆ ಬಂತೆಂದರೆ ಬೆಂಗಳೂರಿನ ಪರವಾನಗಿದಾರರಲ್ಲಿ ಹೆಚ್ಚಿನವರು ತಮ್ಮ ಆಯುಧವನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕಾಗುತ್ತದೆ. ಅದಿಲ್ಲದೆ ಬದುಕೇ ಇಲ್ಲ ಎನ್ನುವವರು ಆ ವಾರಗಳನ್ನು ಹೇಗೆ ಕಳೆಯುತ್ತಾರೆ? ಎಂದಿನಂತೆಯೇ ಅಂಗಡಿ ತೆರೆಯುತ್ತಾರೆ, ಮದುವೆಗಳಿಗೆ ಹೋಗಿ ಬರುತ್ತಾರೆ, ರಾತ್ರಿ ಬಾಗಿಲು ಭದ್ರಪಡಿಸಿ ಮಲಗುತ್ತಾರೆ.

ನಮ್ಮ ರಾಜ್ಯದಲ್ಲೇ ಬಂದೂಕಿನ ಇನ್ನೊಂದು ಸಂಸ್ಕೃತಿಯೂ ಇದೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಪರವಾನಗಿಯಿಂದ ವಿನಾಯಿತಿ ಬ್ರಿಟಿಷ್ ಕಾಲದಿಂದ ನಡೆದುಬಂದಿದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಅಲ್ಲಿ ಗಂಡುಮಗು ಹುಟ್ಟಿದಾಗ ಒಂದು ಗುಂಡು, ಸಾವಾದಾಗ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ರೂಢಿ ಇದೆ. ಕೈಲ್‌ಪೋಳ್ದ್ ಹಬ್ಬದಲ್ಲಿ ಕೋವಿಯನ್ನು ತೋಕ್ ಪೂವಿನಿಂದ ಅಲಂಕರಿಸಿ ಪೂಜಿಸುತ್ತಾರೆ. ಆ ಕೋವಿಯೂ ಕೊಲ್ಲಬಲ್ಲದು, ಸಂಶಯವಿಲ್ಲ. ಆದರೆ ಅದು ಯಾರ ಮನೆಯಲ್ಲಿದೆ ಎಂದು ಊರಿಗೆ ಗೊತ್ತು. ಅದಕ್ಕೆ ಸಾಕ್ಷಿಗಳಿದ್ದಾರೆ, ಕಟ್ಟುಪಾಡಿದೆ, ನಾಚಿಕೆಯ ಹಂಗೂ ಇದೆ. ಜೇಬಿನ ರಿವಾಲ್ವರಿಗೆ ಊರಿನ ಸಾಕ್ಷಿ ಇಲ್ಲ. ಮಾತುಕತೆಗೆ ಕುಳಿತ ಐವರಲ್ಲಿ ಒಬ್ಬನ ಸೊಂಟದಲ್ಲಿ ಅದಿದ್ದರೆ, ಉಳಿದ ನಾಲ್ವರು ತಮಗೆ ತಿಳಿಯದ ಒಂದು ಅಪಾಯದ ಜೊತೆ ಕುಳಿತಿರುತ್ತಾರೆ.

ಅದು ನಿಜಕ್ಕೂ ಕಾಪಾಡುತ್ತದೆಯೇ ಎಂಬುದನ್ನೂ ಕೇಳಬೇಕು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯ ಬಾಗಿಲಲ್ಲೇ ಕೊಂದರು. 2017ರ ಸೆಪ್ಟೆಂಬರ್ 5ರಂದು, ಬನಶಂಕರಿಗೆ ದೂರವೇನಲ್ಲದ ರಾಜರಾಜೇಶ್ವರಿ ನಗರದಲ್ಲಿ ಗೌರಿ ಲಂಕೇಶರನ್ನು ಮನೆಯ ಎದುರಿಗೇ ಕೊಂದರು. ಕೊಲ್ಲಲು ಹೊರಟವನು ಸಮಯ ಕೊಡುವುದಿಲ್ಲ. ಅಂಥ ಗಳಿಗೆಯಲ್ಲಿ ಯಾರದೇ ಜೇಬಿನ ಆಯುಧ ಹೊರಬರುವುದು ಸುಲಭವಲ್ಲ. ಅದು ಸುಲಭವಾಗಿ ಹೊರಬರುವ ಗಳಿಗೆಗಳು ಬೇರೆ: ಮನೆಯೊಳಗಿನ ಜಗಳ, ಪಾರ್ಕಿಂಗ್ ವಿಷಯಕ್ಕೆ ಏರಿದ ಮಾತು, ಬದುಕು ಸಾಕೆನಿಸಿದ ಒಂಟಿ ರಾತ್ರಿ. ಕ್ಯಾಲಿಫೋರ್ನಿಯಾದ ಸುಮಾರು 2.6 ಕೋಟಿ ವಯಸ್ಕರ ದಾಖಲೆಗಳನ್ನು ಪರಿಶೀಲಿಸಿ 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಅಂಕಿಗಳಲ್ಲಿ ತೋರಿಸಿತು. ಕೈಬಂದೂಕು ಹೊಂದಿದ ಪುರುಷರು ಗುಂಡು ಹಾರಿಸಿಕೊಂಡು ತಮ್ಮ ಪ್ರಾಣ ತಾವೇ ಕಳೆದುಕೊಳ್ಳುವ ಸಂಭವ, ಹೊಂದಿರದವರಿಗಿಂತ ಸುಮಾರು ಎಂಟು ಪಟ್ಟು ಹೆಚ್ಚಿತ್ತು. ಮಹಿಳೆಯರಲ್ಲಿ ಅದು ಇನ್ನೂ ಹೆಚ್ಚು. ಹೊರಗಿನ ಶತ್ರುವಿಗಾಗಿ ತಂದದ್ದು ಮನೆಯವರನ್ನೇ ಕಾದು ಕುಳಿತಿರುತ್ತದೆ.

ನಮ್ಮ ಪರಂಪರೆಗಳಲ್ಲಿ ಭಯವಿಲ್ಲದಿರುವುದಕ್ಕೆ ಬೇರೆಯೇ ಅರ್ಥವಿದೆ. ಕನ್ನಡದಲ್ಲಿ ಅಭಯವನ್ನು ‘ಕೊಡುವುದು’ ಎನ್ನುತ್ತೇವೆ. ದೇವಾಲಯದ ಮೂರ್ತಿಯ ಅಭಯಹಸ್ತ ಬರಿಗೈ, ತೆರೆದ ಅಂಗೈ. ಮುಸ್ಲಿಮರು ದಿನಕ್ಕೆ ಹತ್ತಾರು ಬಾರಿ ಹೇಳುವ ಸಲಾಮ್ ಕೂಡಾ ಎದುರಿಗಿರುವವನಿಗೆ ಕೊಡುವ ಶಾಂತಿಯೇ. ಯಾರ ಕೇಡಿನಿಂದ ನೆರೆಯವನು ಸುರಕ್ಷಿತನಲ್ಲವೋ ಅವನ ವಿಶ್ವಾಸ ಪೂರ್ಣವಲ್ಲ ಎಂಬುದು ಪ್ರವಾದಿ(ಸ)ಯವರ ಬೋಧನೆಯ ಸಾರ. ಬಾಣಗಳನ್ನು ಹಿಡಿದು ಮಸೀದಿ ಅಥವಾ ಸಂತೆಯ ನಡುವೆ ಹಾದುಹೋಗುವವನು ಅವುಗಳ ಮೊನೆಗಳನ್ನು ಕೈಯಲ್ಲಿ ಮುಚ್ಚಿಕೊಳ್ಳಬೇಕೆಂದೂ ಅವರು ಕಲಿಸಿದ್ದರು. ಆಯುಧ ಇರಲೇಕೂಡದು ಎಂದು ಅಲ್ಲಿ ಹೇಳಿಲ್ಲ. ಆದರೆ ಆಯುಧವುಳ್ಳವನ ಮೊದಲ ಹೊಣೆ ತನ್ನ ಸುತ್ತಲಿನ ನಿರಾಯುಧರ ಮೈಗೆ ಗೀರೂ ಆಗದಂತೆ ನೋಡುವುದು ಎಂಬ ಪಾಠ ಅಲ್ಲಿದೆ. ಈ ಅಳತೆಯಲ್ಲಿ ನೋಡಿದರೆ, ತನ್ನೊಬ್ಬನ ಭಯ ಕಳೆಯಲು ಉಳಿದವರ ನಡುವೆ ಅಡಗಿಸಿಕೊಂಡು ತಿರುಗುವ ಶಕ್ತಿಯನ್ನು ನಿರ್ಭಯವೆಂದು ಕರೆಯುವುದು ಕಷ್ಟ.

ಹಾಗಾದರೆ ಹೆದರಿದವನು ಏನು ಮಾಡಬೇಕು? ಇದು ಅವನೊಬ್ಬನ ಪ್ರಶ್ನೆಯಲ್ಲ, ಅವನ ಬೀದಿಯ ಪ್ರಶ್ನೆ. ಅಡ್ಡರಸ್ತೆಯ ದೀಪ ಉರಿಯುತ್ತಿದೆಯೇ, ಬೀಟ್ ಪೊಲೀಸ್ ಬರುತ್ತಾನೆಯೇ, ರಾತ್ರಿ ಕೂಗಿದರೆ ಪಕ್ಕದ ಮನೆಯ ಬಾಗಿಲು ತೆರೆಯುತ್ತದೆಯೇ ಎಂಬುದು ಮುಖ್ಯ. ಜಯನಗರವನ್ನು 1948ರಲ್ಲಿ ಕಟ್ಟಲು ಆರಂಭಿಸಿದಾಗ ಮನೆಗಳ ಜೊತೆ ಉದ್ಯಾನ, ಅಂಗಡಿ, ಮೈದಾನಗಳನ್ನೂ ಯೋಜಿಸಿದ್ದರು, ಜನ ಒಬ್ಬರನ್ನೊಬ್ಬರು ಕಾಣಲಿ ಎಂದು. ಇಂದು ಎಷ್ಟೋ ಮನೆಗಳು ಎತ್ತರದ ಗೇಟುಗಳ ಹಿಂದೆ ಸರಿದಿವೆ, ಪಕ್ಕದ ಮನೆಯವರ ಹೆಸರೂ ನಮಗೆ ತಿಳಿಯದು. ನೆರೆಹೊರೆ ತೆರವಾದ ಜಾಗಕ್ಕೇ ಅರ್ಧ ಕಿಲೋ ತೂಕದ ಆ ಲೋಹ ಬಂದು ಕುಳಿತಿದೆ. ಬಿ.ಟಿ.ಎಂ. ಲೇಔಟಿನ ಆ ಕಾರ್ಮಿಕಳು ರಾತ್ರಿ ಒಂಬತ್ತಕ್ಕೆ ಹೆದರದೆ ಮನೆ ಸೇರುವಂಥ ಬೀದಿಯಾದರೆ, ಅಲ್ಲಿ ಚಿನ್ನದ ವ್ಯಾಪಾರಿಯೂ ಹೆದರಬೇಕಾಗಿಲ್ಲ. ಅಂಥ ಬೀದಿಯನ್ನು ಕಟ್ಟುವ ಕೆಲಸಕ್ಕೆ ನಾವು ಎಷ್ಟು ಸಮಯ ಕೊಟ್ಟಿದ್ದೇವೆ ಎಂದು ಪ್ರತಿಯೊಬ್ಬರೂ ಕೇಳಿಕೊಳ್ಳುವುದು ಒಳ್ಳೆಯದು.